ಸ್ಪ್ಯಾನಿಷ್ ಭಾಷೆ ಮತ್ತು ಹಿಸ್ಪಾನಿಕ್ ಸಂಸ್ಕೃತಿಗಳ ಪದವಿ ಅಧ್ಯಯನ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪದವಿಯ ಬಗ್ಗೆ ಪತ್ರಗಳಲ್ಲಿಯೂ ಮುಖಾಮುಖಿ ಮಾತುಕತೆಗಳಲ್ಲಿಯೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು, ಇಲ್ಲಿ ಒಂದೆಡೆ ತರಲಾಗಿದೆ. ಮೊದಲಿನವು ಇನ್ನೂ ಸೇರದವರ ಪ್ರಶ್ನೆಗಳು. ಕೊನೆಯವು ಸಂಶೋಧನೆಯ ಹೊಸ್ತಿಲಲ್ಲಿ ನಿಂತವರವು.

## ಸೇರುವ ಮುನ್ನ

ಭಾಷೆ ಕಲಿಯಲು ಮೊಬೈಲ್ ಆ್ಯಪ್ ಇದೆ, ಸಂಜೆ ತರಗತಿ ಇದೆ. ಅದಕ್ಕಾಗಿ ಮೂರು ನಾಲ್ಕು ವರ್ಷ ಪದವಿ ಓದಬೇಕೆ?

ಮಾತನಾಡಲು ಬಂದರೆ ಸಾಕು ಎನ್ನುವವರಿಗೆ ಪದವಿ ಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪದವಿಯಲ್ಲಿ ಭಾಷೆಯ ಜೊತೆಗೆ ಆ ಭಾಷೆಯನ್ನು ಕುರಿತು ಪ್ರಶ್ನೆ ಕೇಳುವುದನ್ನೂ ಕಲಿಯುತ್ತೇವೆ: ಇದು ಯಾರ ಸ್ಪ್ಯಾನಿಷ್, ಎಲ್ಲಿಯದು, ಯಾವ ಕಾಲದ್ದು? ಒಂದು ನಿದರ್ಶನ ನೋಡಿ. ಆಂತೋನಿಯೊ ದೆ ನೆಬ್ರಿಹಾ 1492ರಲ್ಲಿ ಕಾಸ್ತೀಲಿಯ ಭಾಷೆಗೆ, ಅಂದರೆ ಸ್ಪ್ಯಾನಿಷಿಗೆ, ವ್ಯಾಕರಣ ಬರೆದು ರಾಣಿ ಇಸಬೆಲ್‌ಗೆ ಅರ್ಪಿಸಿದಾಗ, ಭಾಷೆ ಯಾವತ್ತೂ ಸಾಮ್ರಾಜ್ಯದ ಜೊತೆಗಾತಿ ಎಂಬ ಅರ್ಥದ ಮಾತನ್ನು ಮುನ್ನುಡಿಯಲ್ಲೇ ಇಟ್ಟರು. ಕರಾಕಸ್‌ನಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಆಂದ್ರೆಸ್ ಬೆಯೊ 1847ರಲ್ಲಿ ತಮ್ಮ ವ್ಯಾಕರಣವನ್ನು ಪ್ರಕಟಿಸಿದಾಗ, ಅದು ಅಮೆರಿಕ ಖಂಡದವರ ಬಳಕೆಗಾಗಿ ಬರೆದದ್ದೆಂದು ಶೀರ್ಷಿಕೆಯಲ್ಲೇ ಸಾರಿದರು. ಆ ವೇಳೆಗೆ ಸಾಮ್ರಾಜ್ಯದ ಬಹುಭಾಗ ಕಳಚಿಬಿದ್ದು ಹೊಸ ಗಣರಾಜ್ಯಗಳು ಎದ್ದಿದ್ದವು. ಭಾಷೆ ಅದೇ, ಕ್ರಿಯಾಪದಗಳೂ ಬಹುಮಟ್ಟಿಗೆ ಅವೇ, ಆದರೆ ಭಾಷೆಯ ಒಡೆತನ ಕೈಬದಲಾಗಿದೆ. ಈ ಎರಡು ಪುಸ್ತಕಗಳ ನಡುವಿನ ಅಂತರ ನಿಮ್ಮಲ್ಲಿ ಕುತೂಹಲ ಹುಟ್ಟಿಸಿದರೆ ಪದವಿಗೆ ಸೇರಬಹುದು, ಹುಟ್ಟಿಸದಿದ್ದರೆ ಸಂಜೆಯ ತರಗತಿಯೇ ಮೇಲು.

ಹಿಸ್ಪಾನಿಕ್ ಅಂದರೆ ಸ್ಪೇನಿಗೆ ಸೇರಿದ್ದು ಅಂತ ತಾನೆ? ಲ್ಯಾಟಿನ್ ಅಮೆರಿಕನ್ ಅನ್ನುವುದೂ ಅದೇ ಅಲ್ಲವೆ?

ಎರಡೂ ಅಲ್ಲ. ಹಿಸ್ಪಾನಿಕ್ ಎಂಬುದು ಸ್ಪ್ಯಾನಿಷ್ ಭಾಷೆಯ ಸುತ್ತ ಎಳೆದ ಗೆರೆ. ಲ್ಯಾಟಿನ್ ಅಮೆರಿಕ ಎಂಬುದು ಭೂಭಾಗದ ಸುತ್ತ ಎಳೆದದ್ದು. ಆದ್ದರಿಂದ ಪೋರ್ಚುಗೀಸ್ ಮಾತನಾಡುವ ಬ್ರೆಜಿಲ್ ಲ್ಯಾಟಿನ್ ಅಮೆರಿಕಕ್ಕೆ ಸೇರುತ್ತದೆ, ಹಿಸ್ಪಾನಿಕ್ ಜಗತ್ತಿಗೆ ಸೇರುವುದಿಲ್ಲ. ಆಫ್ರಿಕದ ಈಕ್ವಟೋರಿಯಲ್ ಗಿನಿ ಹಿಸ್ಪಾನಿಕ್ ಜಗತ್ತಿಗೆ ಸೇರುತ್ತದೆ, ಲ್ಯಾಟಿನ್ ಅಮೆರಿಕಕ್ಕೆ ಸೇರುವುದಿಲ್ಲ. ಸ್ಪ್ಯಾನಿಷ್ ಆಡಳಿತ ಭಾಷೆಯಾಗಿರುವ ಸ್ವತಂತ್ರ ದೇಶಗಳು 20. ಅಮೆರಿಕ ಸಂಯುಕ್ತ ಸಂಸ್ಥಾನದ ಅಧೀನದಲ್ಲಿರುವ ಪೋರ್ಟೊ ರಿಕೊ ಇದಕ್ಕೆ ಹೊರತು. ಸುಮಾರು 50 ಕೋಟಿ ಜನರಿಗೆ ಇದು ಮಾತೃಭಾಷೆಯಾಗಿದ್ದು, ಅವರಲ್ಲಿ ಅತಿ ಹೆಚ್ಚಿನವರು ಇರುವುದು ಮೆಕ್ಸಿಕೋದಲ್ಲಿ. ಪದವಿಯ ಹೆಸರಿನಲ್ಲಿ "ಸಂಸ್ಕೃತಿಗಳು" ಎಂಬ ಬಹುವಚನ ಇದ್ದರೆ ಅದನ್ನು ಅಲಂಕಾರವೆಂದು ತಿಳಿಯಬಾರದು.

ಸ್ಪ್ಯಾನಿಷ್ ಅನ್ನಬೇಕೋ ಕಾಸ್ತೆಯಾನೊ ಅನ್ನಬೇಕೋ?

ಎರಡೂ ಒಂದೇ ಭಾಷೆಯ ಹೆಸರುಗಳು. 1978ರ ಸ್ಪೇನ್ ಸಂವಿಧಾನ ಕಾಸ್ತೆಯಾನೊ ಎಂಬ ಹೆಸರನ್ನು ಬಳಸುತ್ತದೆ, ಏಕೆಂದರೆ ಕತಲಾನ್, ಗಲೀಸಿಯನ್, ಬಾಸ್ಕ್ ಭಾಷೆಗಳೂ ಸ್ಪೇನಿನವೇ. ಅರ್ಜೆಂಟೀನಾದಲ್ಲೂ ಈ ಹೆಸರೇ ರೂಢಿಯಲ್ಲಿದೆ, ಆದರೆ ಅಲ್ಲಿಯ ಕಾರಣ ಬೇರೆ: ತಮ್ಮ ನುಡಿಯ ಹೆಸರಿನಲ್ಲಿ ಇನ್ನೊಂದು ದೇಶದ ಹೆಸರು ಏಕೆ ಇರಬೇಕು ಎಂಬುದು. ಮಾತನಾಡುವಾಗ ಯಾವುದನ್ನಾದರೂ ಬಳಸಬಹುದು. ಕತಲಾನ್ ಮಾತನಾಡುವ ಬಾರ್ಸೆಲೋನಾದಲ್ಲಿ ಮಾತ್ರ ಯಾವುದನ್ನು ಬಳಸಿದಿರಿ ಎಂಬುದನ್ನು ಕೆಲವರು ಗಮನಿಸುತ್ತಾರೆ.

ಒಂದಕ್ಷರವೂ ಬಾರದೆ ಸೇರಿದರೆ ಹಿಂದೆ ಬೀಳುವುದಿಲ್ಲವೆ?

ಮೊದಲ ವರ್ಷ ಬೀಳುತ್ತೀರಿ, ಮೂರನೆಯ ವರ್ಷದ ಹೊತ್ತಿಗೆ ಆ ಅಂತರ ಬಹುಪಾಲು ಮುಚ್ಚಿಹೋಗಿರುತ್ತದೆ. ಅನೇಕ ವಿಶ್ವವಿದ್ಯಾಲಯಗಳು ಸೊನ್ನೆಯಿಂದ ಆರಂಭಿಸುವವರಿಗೆ ಪ್ರತ್ಯೇಕವಾದ, ಹೆಚ್ಚು ಗಂಟೆಗಳ ತೀವ್ರ ತರಗತಿಗಳನ್ನು ಇಟ್ಟಿರುತ್ತವೆ. ಸೇರುವ ಮೊದಲು ವಾರಕ್ಕೆ ಎಷ್ಟು ಗಂಟೆಗಳ ಭಾಷಾ ಪಾಠವಿದೆ ಎಂದು ಕೇಳಿ ತಿಳಿದುಕೊಳ್ಳಬೇಕು. ಪಠ್ಯಕ್ರಮದ ಆಕರ್ಷಕ ವಿವರಣೆಗಿಂತ ಆ ಒಂದು ಸಂಖ್ಯೆ ಹೆಚ್ಚಿನದನ್ನು ಹೇಳುತ್ತದೆ. ಯುರೋಪ್ ಮಂಡಳಿಯ ಎ1ರಿಂದ ಸಿ2ವರೆಗಿನ ಆರು ಹಂತಗಳ ಅಳತೆಗೋಲಿನಲ್ಲಿ ಬಿ2 ಅಥವಾ ಸಿ1 ತಲುಪಿ ಪದವಿ ಮುಗಿಸುವುದು ಸಹಜವಾದ ಗುರಿ. ಸಿ2 ಎಂದು ಭರವಸೆ ಕೊಡುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

## ಭಾಷೆಯ ತರಗತಿಯಲ್ಲಿ

ಕನ್ನಡ ಮಾತನಾಡುವವರಿಗೆ ಸ್ಪ್ಯಾನಿಷ್ ಸುಲಭ ಅಂತಾರೆ. ನಿಜವೆ?

ಕೆಲವು ಕಡೆ ನಿಜ, ಮತ್ತು ಆ ಕೆಲವು ಕಡೆಗಳು ಇಂಗ್ಲಿಷಿನ ಮೂಲಕ ಬರೆದ ಪಠ್ಯಪುಸ್ತಕಗಳಲ್ಲಿ ಕಷ್ಟದ ಅಧ್ಯಾಯಗಳಾಗಿ ಕಾಣಿಸಿಕೊಳ್ಳುತ್ತವೆ ಎಂಬುದೇ ಸ್ವಾರಸ್ಯ. "ಮೆ ಗುಸ್ತಾ ಎಸ್ತೆ ಲೀಬ್ರೊ" ಎಂಬ ವಾಕ್ಯದಲ್ಲಿ ಪುಸ್ತಕವೇ ಕರ್ತೃ, ಇಷ್ಟಪಡುವವನು ಚತುರ್ಥಿಯಲ್ಲಿ ಇರುತ್ತಾನೆ ಎಂದು ವಿವರಿಸಲು ಆ ಪುಸ್ತಕಗಳು ಪುಟಗಟ್ಟಲೆ ವ್ಯಯಿಸುತ್ತವೆ. "ನನಗೆ ಈ ಪುಸ್ತಕ ಇಷ್ಟವಾಗುತ್ತದೆ" ಎನ್ನುವವರಿಗೆ ಅದರಲ್ಲಿ ವಿವರಿಸಬೇಕಾದದ್ದೇ ಇಲ್ಲ. "ಮೆ ಪಾರೆಸೆ" ಎಂದರೆ ನನಗೆ ಅನಿಸುತ್ತದೆ, "ಮೆ ದುಯೆಲೆ ಲಾ ಕಬೇಸಾ" ಎಂದರೆ ನನಗೆ ತಲೆ ನೋಯುತ್ತದೆ, "ಸೆ ಮೆ ಒಲ್ವಿದೊ" ಎಂದರೆ ನನಗೆ ಮರೆತುಹೋಯಿತು. ಕ್ರಿಯಾಪದದ ಕೊನೆಯಲ್ಲೇ ಪುರುಷ ಮತ್ತು ವಚನ ತಿಳಿಯುವುದರಿಂದ ಸರ್ವನಾಮವನ್ನು ಬಿಟ್ಟುಬಿಡುವುದೂ ನಮಗೆ ರೂಢಿಯಾದದ್ದೇ. ತ, ದ ಧ್ವನಿಗಳು ಹಲ್ಲಿಗೆ ತಾಗಿ ಹುಟ್ಟುತ್ತವೆ, ಪ, ತ, ಕಗಳಲ್ಲಿ ಉಸಿರಿನ ಒತ್ತು ಇಲ್ಲ, ವರ್ಷಕ್ಕಿರುವ "ಆಞೊ" ಎಂಬ ಪದದ ಞ ನಮ್ಮ ವರ್ಣಮಾಲೆಯಲ್ಲೇ ಇದೆ.

ತೊಡಕುಗಳೂ ಇವೆ. ಕನ್ನಡಕ್ಕೆ ಹ್ರಸ್ವ ದೀರ್ಘಗಳ ಭೇದ ಜೀವಾಳ. ಸ್ಪ್ಯಾನಿಷಿನಲ್ಲಿ ಆ ಭೇದವಿಲ್ಲ, ಅದರ ಜಾಗದಲ್ಲಿ ಒತ್ತು ಇದೆ. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು "ಆಬ್ಲೊ" ಎಂದರೆ ನಾನು ಮಾತನಾಡುತ್ತೇನೆ, ಒತ್ತನ್ನು ಕೊನೆಗೆ ಸರಿಸಿದರೆ ಅವನೋ ಅವಳೋ ಮಾತನಾಡಿದರು ಎಂದಾಗುತ್ತದೆ. ನಮ್ಮ ಕಿವಿ ಇದನ್ನು ದೀರ್ಘಸ್ವರವೆಂದು ಕೇಳಿಸಿಕೊಳ್ಳುವುದರಿಂದ ಬಾಯಿ ಎಳೆಯುತ್ತದೆ. ಈ ತಪ್ಪನ್ನು ಮೊದಲ ವರ್ಷದಲ್ಲೇ ತಿದ್ದಿಕೊಳ್ಳದಿದ್ದರೆ ಅದು ಜೀವಮಾನವಿಡೀ ಜೊತೆಗಿರುತ್ತದೆ. ರಕಾರಗಳು ಎರಡು: "ಪೆರೊ" ಎಂದರೆ ಆದರೆ, ನಾಲಿಗೆ ಕಂಪಿಸಿ "ಪೆರ್ರೊ" ಎಂದರೆ ನಾಯಿ. ಹಳಗನ್ನಡದ ರೇಫ ಶಕಟರೇಫಗಳನ್ನು ಓದಿದವರಿಗೆ, ಎರಡು ರಕಾರಗಳನ್ನು ಬೇರೆಯಾಗಿಟ್ಟುಕೊಳ್ಳುವ ಕಲ್ಪನೆಯಾದರೂ ಹೊಸದಲ್ಲ. ಇನ್ನು ನಿರ್ಜೀವ ವಸ್ತುಗಳಿಗೂ ಇರುವ ಲಿಂಗ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. "ಓ" ಕಾರಾಂತವಾದ "ಮಾನೊ", ಅಂದರೆ ಕೈ, ಸ್ತ್ರೀಲಿಂಗ. "ಆ" ಕಾರಾಂತವಾದ "ಪ್ರೊಬ್ಲೆಮಾ" ಪುಲ್ಲಿಂಗ. ಅರ್ಥ ನೋಡಿ ಲಿಂಗ ನಿರ್ಧರಿಸುವ ಕನ್ನಡದ ಬುದ್ಧಿಗೆ ಇಲ್ಲಿ ಕೆಲಸವಿಲ್ಲ. ಪದವನ್ನು ಅದರ ಮುಂದೆ ಬರುವ "ಎಲ್" ಅಥವಾ "ಲಾ" ಎಂಬ ಉಪಪದದ ಸಮೇತ ಬಾಯಿಪಾಠ ಮಾಡುವುದಲ್ಲದೆ ಬೇರೆ ದಾರಿಯಿಲ್ಲ.

ಸೆರ್, ಎಸ್ತಾರ್ ಎರಡೂ "ಇರು" ಅಂತಲೇ ಅರ್ಥ ಕೊಡುತ್ತವೆ. ಶಾಶ್ವತಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್ ಅಂತ ಹೇಳಿಕೊಟ್ಟರು, ಆದರೂ ತಪ್ಪುತ್ತಲೇ ಇದೆ.

ತಪ್ಪುತ್ತಿರುವುದು ನೀವಲ್ಲ, ಸೂತ್ರ. ಸಾವಿಗಿಂತ ಶಾಶ್ವತವಾದದ್ದಿಲ್ಲ, ಆದರೂ ಸತ್ತವನ ಬಗ್ಗೆ "ಎಸ್ತಾ ಮುಯೆರ್ತೊ" ಎಂದೇ ಹೇಳುತ್ತಾರೆ. ಮ್ಯಾಡ್ರಿಡ್ ನಗರ ಸ್ಥಳ ಬದಲಿಸುವುದಿಲ್ಲ, ಆದರೂ ಅದು ಸ್ಪೇನಿನಲ್ಲಿದೆ ಎನ್ನಲು ಎಸ್ತಾರ್ ಬೇಕು. ಒಂದು ವಸ್ತು ಏನು, ಎಂಥದ್ದು ಎಂದು ಗುರುತಿಸುವಾಗ ಸೆರ್, ಅದು ಯಾವ ಸ್ಥಿತಿಯಲ್ಲಿ, ಎಲ್ಲಿ ಇದೆ ಎನ್ನುವಾಗ ಎಸ್ತಾರ್ ಎಂದು ಹಿಡಿದರೆ ಬಹಳಷ್ಟು ಸರಿಹೋಗುತ್ತದೆ. "ಸತ್ತಿದ್ದಾನೆ" ಎಂಬ ಕನ್ನಡ ರೂಪದೊಳಗೆ "ಇರು" ಅಡಗಿರುವುದನ್ನು ಗಮನಿಸಿದವರಿಗೆ ಎಸ್ತಾರ್ ಅಷ್ಟು ವಿಚಿತ್ರವೆನಿಸದು. ಒಂದು ಅಪವಾದ ನೆನಪಿರಲಿ: ಸಭೆ, ಸಮಾರಂಭಗಳು ಎಲ್ಲಿ ನಡೆಯುತ್ತವೆ ಎನ್ನಲು ಸೆರ್ ಬೇಕಾಗುತ್ತದೆ.

ಸಬ್‌ಜಂಕ್ಟಿವ್ ಬಂದ ಕೂಡಲೇ ಎಲ್ಲರೂ ಕೈಚೆಲ್ಲುತ್ತಾರಂತೆ. ಅಷ್ಟು ಭಯಂಕರವೆ?

ರೂಪಗಳು ಹೆಚ್ಚು, ಭಾವನೆ ಪರಿಚಿತ. "ಬರುತ್ತಾನೆ" ಎನ್ನುವುದಕ್ಕೂ "ಬರಲಿ", "ಬಂದಾನು" ಎನ್ನುವುದಕ್ಕೂ ಇರುವ ವ್ಯತ್ಯಾಸ ಗೊತ್ತಿರುವವರಿಗೆ, ನಡೆದ ಸಂಗತಿಯನ್ನು ಹೇಳುವ ರೂಪವೊಂದು, ಬಯಕೆ, ಸಂದೇಹ, ಇನ್ನೂ ಒದಗದ ಸಂಗತಿಗಳ ರೂಪ, ಅಂದರೆ ಸಬ್‌ಜಂಕ್ಟಿವ್, ಇನ್ನೊಂದು ಎಂಬುದು ಒಗಟಾಗಬಾರದು. ಇದನ್ನು ವಿವರಿಸುವ ಪುಸ್ತಕವನ್ನು ಹುಡುಕುತ್ತಿದ್ದೇನೆ ಎನ್ನುವಾಗ, ಅಂಥದ್ದೊಂದು ಇದೆಯೆಂದು ತಿಳಿದು ಹುಡುಕುತ್ತಿದ್ದರೆ "ಎಸ್‌ಪ್ಲಿಕಾ", ಇದೆಯೋ ಇಲ್ಲವೋ ತಿಳಿಯದೆ ಹುಡುಕುತ್ತಿದ್ದರೆ "ಎಸ್‌ಪ್ಲಿಕೆ". ಒಂದೇ ಸ್ವರದಲ್ಲಿ ಹುಡುಕುವವನ ಮನಸ್ಸು ಬಯಲಾಗುತ್ತದೆ. ಒಳ್ಳೆಯದಾಗಲಿ ಎಂಬ ಹಾರೈಕೆಗೆ ಬಳಸುವ "ಓಹಲಾ" ಎಂಬ ಪದ ಅರಬ್ಬಿಯಿಂದ ಬಂದದ್ದು, ದೇವರು ಮನಸ್ಸು ಮಾಡಿದರೆ ಎಂಬುದು ಅದರ ಮೂಲಾರ್ಥ. ಅದರ ಹಿಂದೆ ಸಬ್‌ಜಂಕ್ಟಿವ್ ತಪ್ಪದೆ ಬರುತ್ತದೆ. 711ರಿಂದ ಮೊದಲ್ಗೊಂಡು ಐಬೀರಿಯ ಪರ್ಯಾಯ ದ್ವೀಪದಲ್ಲಿ ಸುಮಾರು ಎಂಟು ಶತಮಾನ ಬೇರೂರಿದ್ದ ಮುಸ್ಲಿಂ ಆಳ್ವಿಕೆಯ ಗುರುತು ವ್ಯಾಕರಣದ ಪಾಠದಲ್ಲಿ ಹೀಗೆ ಕೈಗೆ ತಾಗುತ್ತದೆ.

ಸ್ಪೇನಿನ ಸ್ಪ್ಯಾನಿಷ್ ಕಲಿಯಲೋ ಮೆಕ್ಸಿಕೋದ್ದೋ? ಯಾವುದು ಶುದ್ಧ?

ಶುದ್ಧವಾದದ್ದೊಂದು ಇದೆ ಎಂಬ ನಂಬಿಕೆಯನ್ನು ಮೊದಲ ವಾರದಲ್ಲೇ ಬಿಟ್ಟರೆ ಮುಂದಿನ ವರ್ಷಗಳು ಸುಗಮವಾಗುತ್ತವೆ. 1713ರಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಥಾಪಿತವಾದ, ಸ್ಪ್ಯಾನಿಷ್ ಭಾಷೆಯ ರಾಜ ಅಕಾಡೆಮಿ ಕೂಡ ಇಂದು ತನ್ನ ನಿಘಂಟು, ವ್ಯಾಕರಣಗಳನ್ನು ಉಳಿದ ಸ್ಪ್ಯಾನಿಷ್ ಭಾಷಿಕ ದೇಶಗಳ ಅಕಾಡೆಮಿಗಳ ಜೊತೆಗೂಡಿಯೇ ಹೊರತರುತ್ತದೆ. ಆ ಅಕಾಡೆಮಿಗಳ ಒಕ್ಕೂಟ ಹುಟ್ಟಿದ್ದು 1951ರಲ್ಲಿ, ಮೆಕ್ಸಿಕೋದಲ್ಲಿ.

ಮನೆ ಎಂಬರ್ಥದ "ಕಾಸಾ" ಮತ್ತು ಬೇಟೆ ಎಂಬರ್ಥದ ಇನ್ನೊಂದು ಪದವನ್ನು ಉತ್ತರ ಮತ್ತು ಮಧ್ಯ ಸ್ಪೇನಿನವರು ಬೇರೆಬೇರೆಯಾಗಿ ಉಚ್ಚರಿಸುತ್ತಾರೆ. ಇಡೀ ಸ್ಪ್ಯಾನಿಷ್ ಅಮೆರಿಕದಲ್ಲಿ ಎರಡೂ "ಕಾಸಾ". ಬೇಟೆಯ ಪದದಲ್ಲಿರುವ ಸ್ಪೇನಿನ ಆ ಧ್ವನಿ ನಮ್ಮ ಥಕಾರವಲ್ಲ, ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಹರಿಸುವ ಧ್ವನಿ. ಬ್ಯೂನಸ್ ಐರಿಸ್‌ನಲ್ಲಿ ನಾನು ಎಂಬ "ಯೊ" ಎನ್ನುವುದು "ಶೊ" ಆಗುತ್ತದೆ, ಆಪ್ತರನ್ನು "ತೂ" ಎನ್ನದೆ "ವೋಸ್" ಎನ್ನುತ್ತಾರೆ, ಅದಕ್ಕೆ ತಕ್ಕ ಕ್ರಿಯಾರೂಪಗಳೂ ಬೇರೆ. ಸ್ಪೇನಿನಲ್ಲಿ ಆಪ್ತರಾದ ಹಲವರಿಗೆ "ವೊಸೋತ್ರೊಸ್" ಇದೆ, ಅಟ್ಲಾಂಟಿಕ್‌ನ ಆಚೆ ಎಲ್ಲರಿಗೂ "ಉಸ್ತೆದೆಸ್" ಒಂದೇ. ಸ್ಪೇನಿನಲ್ಲಿ ಬಸ್ಸು ಹಿಡಿಯಲು ದಿನನಿತ್ಯ ಬಳಸುವ "ಕೊಹೆರ್" ಎಂಬ ಕ್ರಿಯಾಪದ ಅರ್ಜೆಂಟೀನಾ, ಮೆಕ್ಸಿಕೋಗಳಲ್ಲಿ ಅಶ್ಲೀಲ. ತರಗತಿಯಲ್ಲಿ ಇದನ್ನು ಮೊದಲೇ ಹೇಳಿಕೊಡುವ ಅಧ್ಯಾಪಕರಿಗೆ ವಿದ್ಯಾರ್ಥಿಗಳು ಮುಂದೊಂದು ದಿನ ಕೃತಜ್ಞರಾಗಿರುತ್ತಾರೆ. ಮಾತನಾಡಲು ಒಂದು ಪ್ರದೇಶದ ರೂಢಿಯನ್ನು ಆರಿಸಿಕೊಂಡು ಅದಕ್ಕೆ ಅಂಟಿಕೊಳ್ಳಿ, ಕೇಳಿ ತಿಳಿಯುವುದನ್ನು ಮಾತ್ರ ಎಲ್ಲ ಕಡೆಯದ್ದನ್ನೂ ಅಭ್ಯಾಸ ಮಾಡಿ.

## ಸಾಹಿತ್ಯ, ಇತಿಹಾಸ, ಪರೀಕ್ಷೆ, ಪ್ರವಾಸ

ನನಗೆ ಸಾಹಿತ್ಯದಲ್ಲಿ ಆಸಕ್ತಿಯಿಲ್ಲ. ನಾನೂರು ವರ್ಷ ಹಳೆಯ ಪುಸ್ತಕ ಓದಿ ಏನು ಮಾಡಲಿ?

ಭಾಷಾವಿಜ್ಞಾನ, ಸಿನಿಮಾ, ಇತಿಹಾಸ, ಅನುವಾದಗಳ ಕಡೆಗೆ ಹೆಚ್ಚು ವಾಲುವ ಪಠ್ಯಕ್ರಮಗಳಿವೆ, ಅವನ್ನು ಆರಿಸಿಕೊಳ್ಳಬಹುದು. ಆದರೂ ಹಳೆಯ ಪಠ್ಯಗಳ ಪರವಾಗಿ ಒಂದು ಮಾತು. 1554ರಲ್ಲಿ ಅಚ್ಚಾದ, ಕರ್ತೃ ಯಾರೆಂದು ಖಚಿತವಾಗಿ ತಿಳಿಯದ ಲಸಾರಿಯೊ ಎಂಬ ಬಡ ಹುಡುಗನ ಕಥೆ ಒಬ್ಬ ಗಣ್ಯರಿಗೆ ಬರೆದ ಪತ್ರದ ರೂಪದಲ್ಲಿದೆ. ಅವರನ್ನು ಆತ "ವುಯೆಸ್ತ್ರಾ ಮೆರ್ಸೆದ್", ಅಂದರೆ ತಮ್ಮ ಕೃಪೆ, ಎಂದು ಸಂಬೋಧಿಸುತ್ತಾನೆ. ಈ ಎರಡು ಪದಗಳು ಬಾಯಿಂದ ಬಾಯಿಗೆ ಸವೆದು ಇಂದಿನ "ಉಸ್ತೆದ್", ಅಂದರೆ ನೀವು, ಆಯಿತು. ಎದುರಿಗಿರುವವರನ್ನು ಕುರಿತೇ ಮಾತನಾಡುತ್ತಿದ್ದರೂ ಉಸ್ತೆದ್ ಪ್ರಥಮ ಪುರುಷದ ಕ್ರಿಯಾಪದವನ್ನೇ ಬೇಡುವುದು ಏಕೆ ಎಂಬುದಕ್ಕೆ ಉತ್ತರ ಅಲ್ಲಿದೆ. "ಮಹಾಸ್ವಾಮಿಗಳು ಚಿತ್ತೈಸಬೇಕು" ಎನ್ನುವ ಕನ್ನಡ ಬಲ್ಲವರಿಗೆ ಈ ವಿನಯದ ವ್ಯಾಕರಣ ಒಡನೆ ತಿಳಿಯುತ್ತದೆ.

ಓದುವ ಪ್ರಮಾಣದ ಬಗ್ಗೆ ಹೆದರಿಕೆ ಬೇಡ. ಇಪ್ಪತ್ತು ಸಾಲುಗಳ ಭಾಗವೊಂದನ್ನು ತೆಗೆದುಕೊಂಡು, ಯಾರ ದನಿ, ಯಾವ ಕಾಲರೂಪ, ಯಾವ ಪದದ ಆಯ್ಕೆ ಏನು ಮಾಡುತ್ತಿದೆ ಎಂದು ಬಿಡಿಸಿ ಬರೆಯುವ "ಕೊಮೆಂತಾರಿಯೊ ದೆ ತೆಕ್ಸ್ತೊ" ಈ ಶಾಖೆಯ ಮುಖ್ಯ ಕಸರತ್ತು. ಸೆರ್ವಾಂತೆಸ್ ಅವರ ದೋನ್ ಕಿಹೋತೆಯ ಎರಡು ಭಾಗಗಳು 1605 ಮತ್ತು 1615ರಲ್ಲಿ ಬಂದವು. ಮೊದಲ ಭಾಗ ಆಗಲೇ ಅಚ್ಚಾಗಿ ಜನ ಓದಿದ್ದಾರೆಂಬುದು ಎರಡನೆಯ ಭಾಗದ ಪಾತ್ರಗಳಿಗೆ ಗೊತ್ತಿರುತ್ತದೆ. ಇಡೀ ಪುಸ್ತಕವನ್ನು ಒಂದು ಸೆಮಿಸ್ಟರಿನಲ್ಲಿ ಓಡಿಸಿ ಮುಗಿಸುವುದಕ್ಕಿಂತ ಅಂಥ ಒಂದು ಅಧ್ಯಾಯವನ್ನು ನಿಧಾನವಾಗಿ ಓದಿದವರೇ ಹೆಚ್ಚು ಪಡೆಯುತ್ತಾರೆ ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಅಧ್ಯಾಪಕರೂ ಇದ್ದಾರೆ.

ಸಂಸ್ಕೃತಿಯ ಪಾಠ ಅಂದರೆ ಫ್ಲಮೆಂಕೊ, ಗೂಳಿಕಾಳಗ, ಹಬ್ಬಗಳ ಪರಿಚಯವೆ?

ಅವೂ ಬರುತ್ತವೆ, ಆದರೆ ಅವು ಯಾರ ಗುರುತಾಗಿ, ಯಾವಾಗ ಪ್ರಚಾರಕ್ಕೆ ಬಂದವು ಎಂಬ ಪ್ರಶ್ನೆಯೊಂದಿಗೆ. ಸ್ಪೇನಿನ ಅಂತರ್ಯುದ್ಧ 1936ರಿಂದ 1939ರವರೆಗೆ ನಡೆಯಿತು, ಅದರಲ್ಲಿ ಗೆದ್ದ ಸೇನಾಧಿಕಾರಿ ಫ್ರಾಂಕೊನ ಸರ್ವಾಧಿಕಾರ 1975ರವರೆಗೆ ಉಳಿಯಿತು. ಆ ದಶಕಗಳಲ್ಲಿ ಕತಲಾನ್, ಬಾಸ್ಕ್ ಭಾಷೆಗಳನ್ನು ಶಾಲೆ ಕಚೇರಿಗಳಿಂದ ಹೊರಗಿಟ್ಟವರೇ ಪ್ರವಾಸಿಗರ ಮುಂದೆ ಫ್ಲಮೆಂಕೊವನ್ನು ದೇಶದ ಮುಖವಾಗಿ ನಿಲ್ಲಿಸಿದರು. ಚಿಲಿಯ 1973ರ ಸೈನಿಕ ದಂಗೆ, 1976ರಿಂದ 1983ರವರೆಗಿನ ಅರ್ಜೆಂಟೀನಾದ ಸೈನಿಕ ಆಡಳಿತ ಮತ್ತು ಅದು ಕಣ್ಮರೆ ಮಾಡಿದ ಜನರು, ಅವರನ್ನು ಹುಡುಕುತ್ತ ಬ್ಯೂನಸ್ ಐರಿಸ್‌ನ ಮೇ ಚೌಕದಲ್ಲಿ ಸುತ್ತಿದ ತಾಯಂದಿರು, ಇವೆಲ್ಲ ಸಂಸ್ಕೃತಿಯ ಪಾಠದ ವಿಷಯಗಳೇ.

ಸ್ಪ್ಯಾನಿಷಿಗೂ ಮುಂಚಿನ ಭಾಷೆಗಳದ್ದು ಇನ್ನೂ ದೊಡ್ಡ ಅಧ್ಯಾಯ. ಟೊಮೆಟೊ, ಚಾಕೊಲೇಟ್ ಪದಗಳು ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಸ್ಪ್ಯಾನಿಷಿಗೆ ಬಂದು ಅಲ್ಲಿಂದ ಜಗತ್ತಿಗೆ ಹರಡಿದವು. ಪರಾಗ್ವೇಯಲ್ಲಿ 1992ರ ಸಂವಿಧಾನದ ಪ್ರಕಾರ ಗುವಾರನಿ ಸ್ಪ್ಯಾನಿಷಿಗೆ ಸಮನಾದ ಆಡಳಿತ ಭಾಷೆ, ಬೊಲಿವಿಯಾದ 2009ರ ಸಂವಿಧಾನ ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳನ್ನು ಹೆಸರಿಸುತ್ತದೆ. ಇವುಗಳನ್ನು ಅಡಿಟಿಪ್ಪಣಿಗೆ ತಳ್ಳಿದ ಪಠ್ಯಕ್ರಮ ಹಳೆಯದಾಗಿದೆ ಎಂದೇ ತಿಳಿಯಬೇಕು.

ಪದವಿ ಇದ್ದ ಮೇಲೆ ದೆಲೆ, ಸಿಯೆಲೆ ಪರೀಕ್ಷೆಗಳು ಏಕೆ?

ಪದವಿ ನೀವು ಏನು ಓದಿದಿರಿ ಎಂದು ಹೇಳುತ್ತದೆ, ಈ ಪರೀಕ್ಷೆಗಳು ಭಾಷೆ ಎಷ್ಟು ಬರುತ್ತದೆ ಎಂದು ಹೇಳುತ್ತವೆ. 1991ರಲ್ಲಿ ಸ್ಥಾಪನೆಯಾದ ಸೆರ್ವಾಂತೆಸ್ ಸಂಸ್ಥೆ ನಡೆಸುವ ದೆಲೆ ಎಂಬುದು ಹಂತಕ್ಕೊಂದರಂತೆ ಎ1ರಿಂದ ಸಿ2ವರೆಗೆ ಇರುವ ಪ್ರಮಾಣಪತ್ರ, ಅದಕ್ಕೆ ಅವಧಿಯ ಮಿತಿಯಿಲ್ಲ. ಸಿಯೆಲೆ ಕಂಪ್ಯೂಟರಿನಲ್ಲಿ ಬರೆಯುವಂಥದ್ದು. ಒಂದೇ ಪರೀಕ್ಷೆಯ ಅಂಕಗಳಿಂದ ಹಂತವನ್ನು ನಿರ್ಧರಿಸುತ್ತಾರೆ. ಇದನ್ನು ರೂಪಿಸಿದವರಲ್ಲಿ ಸೆರ್ವಾಂತೆಸ್ ಸಂಸ್ಥೆಯ ಜೊತೆ ಮೆಕ್ಸಿಕೋದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯ, ಸಲಮಾಂಕಾ ವಿಶ್ವವಿದ್ಯಾಲಯ, ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯಗಳೂ ಇರುವುದರಿಂದ ಬೇರೆ ಬೇರೆ ದೇಶಗಳ ಉಚ್ಚಾರಣೆ ಅದರಲ್ಲಿ ಕೇಳಿಬರುತ್ತದೆ. ಸ್ನಾತಕೋತ್ತರ ಅರ್ಜಿಗೆ ದಾಖಲೆ ಬೇಕಾದಾಗ ಬರೆದರೆ ಸಾಕು. ವರ್ಷಕ್ಕೊಂದು ಹಂತದಂತೆ ಪ್ರಮಾಣಪತ್ರ ಕೂಡಿಡುವುದರಿಂದ ವಿಶೇಷ ಲಾಭವಿಲ್ಲ.

ಒಂದು ಸೆಮಿಸ್ಟರ್ ಸ್ಪ್ಯಾನಿಷ್ ದೇಶದಲ್ಲಿ ಓದುವ ಅವಕಾಶವಿದೆ. ಎಲ್ಲಿಗೆ ಹೋಗಲಿ, ಏನನ್ನು ವಿಚಾರಿಸಿಕೊಳ್ಳಲಿ?

ನಿಮ್ಮ ಅಂತಿಮ ವರ್ಷದ ಪ್ರಬಂಧ ಯಾವ ಪ್ರದೇಶದ ಮೇಲಿರಬಹುದೋ ಅಲ್ಲಿಗೆ. ಮೊದಲು ಕ್ಯಾಲೆಂಡರ್ ನೋಡಬೇಕು: ಸ್ಪೇನಿನಲ್ಲಿ ವರ್ಷ ಸೆಪ್ಟೆಂಬರಿನಲ್ಲಿ ತೊಡಗುತ್ತದೆ, ಚಿಲಿ, ಅರ್ಜೆಂಟೀನಾಗಳಲ್ಲಿ ಮಾರ್ಚ್‌ನಲ್ಲಿ. ಆಮೇಲೆ ಅಂಕಗಳು. ಸ್ಪೇನಿನಲ್ಲಿ 10ಕ್ಕೆ 5 ಬಂದರೆ ಉತ್ತೀರ್ಣ. ಚಿಲಿಯಲ್ಲಿ 1ರಿಂದ 7ರ ಮಾಪನದಲ್ಲಿ 4. ಪೆರುವಿನಲ್ಲಿ ಮಾಪನ 20ರವರೆಗೆ. ಚಿಲಿಯ 6 ಎಂಬ ಉತ್ತಮ ಅಂಕ ಪರಿವರ್ತನೆಯಲ್ಲಿ ಸಾಧಾರಣವಾಗಿಬಿಡದಂತೆ ನಿಯಮವನ್ನು ಹೊರಡುವ ಮೊದಲೇ ಲಿಖಿತವಾಗಿ ಪಡೆಯಿರಿ. ಬಾರ್ಸೆಲೋನಾ ಅಥವಾ ವಲೆನ್ಸಿಯಾ ಆರಿಸಿದರೆ ಆಯಾ ಪಾಠ ಕತಲಾನ್ ಅಥವಾ ವಲೆನ್ಸಿಯನ್‌ನಲ್ಲಿ ನಡೆಯುತ್ತದೆಯೇ ಎಂದೂ ವಿಚಾರಿಸಿ. ವಾಸಕ್ಕೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ನಿಲಯಕ್ಕಿಂತ ಸ್ಥಳೀಯರೊಂದಿಗೆ ಹಂಚಿಕೊಂಡ ಮನೆ ಮೇಲು. ನಿಲಯಗಳಲ್ಲಿ ಕಲಿಯುವ ಭಾಷೆ ಸಾಮಾನ್ಯವಾಗಿ ಇಂಗ್ಲಿಷ್ ಆಗಿಬಿಡುತ್ತದೆ.

## ಮುಂದಿನ ಹಂತ

ಯಂತ್ರವೇ ಅನುವಾದ ಮಾಡುವಾಗ ಈ ಪದವಿಯಿಂದ ಯಾರು ಕೆಲಸ ಕೊಡುತ್ತಾರೆ?

ಕೈಪಿಡಿ, ಪ್ರಕಟಣೆಗಳ ಅನುವಾದ ಬಹುಮಟ್ಟಿಗೆ ಯಂತ್ರಗಳ ಪಾಲಾಗಿದೆ, ಇದನ್ನು ಮರೆಮಾಚಿ ಪ್ರಯೋಜನವಿಲ್ಲ. ಉಳಿದಿರುವ ಕೆಲಸ ಎಂಥದೆಂದು ಒಂದು ಪದದಿಂದ ತೋರಿಸಬಹುದು. ಕಾದಂಬರಿಯೊಂದು "ಯೆಗೊ" ಎಂದು ತೊಡಗುತ್ತದೆ ಎಂದುಕೊಳ್ಳಿ. ಬಂದದ್ದು ಅವನೋ ಅವಳೋ ಎಂಬುದನ್ನು ಲೇಖಕರು ಹತ್ತು ಪುಟ ಬಚ್ಚಿಡಬಲ್ಲರು. ಕನ್ನಡದಲ್ಲಿ "ಬಂದನು" ಅಥವಾ "ಬಂದಳು" ಎಂದು ಮೊದಲ ಪದದಲ್ಲೇ ಗುಟ್ಟು ಒಡೆಯುತ್ತದೆ. ಇದಕ್ಕೆ ವಿರುದ್ಧವಾಗಿ "ಎಸ್ತೊಯ್ ಕನ್ಸಾದಾ" ಎಂದರೆ ಮಾತನಾಡುತ್ತಿರುವುದು ಹೆಣ್ಣು ಎಂದು ಗೊತ್ತಾಗುತ್ತದೆ, "ನನಗೆ ದಣಿವಾಗಿದೆ" ಎಂಬುದರಲ್ಲಿ ಆ ಸುಳಿವು ಮಾಯ. ಯಂತ್ರ ಇಲ್ಲಿ ಊಹಿಸಿ ಮುಂದೆ ಸಾಗುತ್ತದೆ. ಊಹಿಸಿದೆ ಎಂದು ಕಂಡುಹಿಡಿಯುವವರು ಬೇಕು. ನ್ಯಾಯಾಲಯ ಮತ್ತು ಆಸ್ಪತ್ರೆಗಳ ದುಭಾಷಿ ಕೆಲಸ, ಬೋಧನೆ, ಪ್ರಕಾಶನ, ವಿದೇಶಾಂಗ ಸೇವೆ, ನೆರವು ಸಂಸ್ಥೆಗಳು ಪದವೀಧರರು ಸಾಮಾನ್ಯವಾಗಿ ಹೋಗುವ ಕಡೆಗಳು. ಸ್ಪ್ಯಾನಿಷ್ ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು ಎಂಬುದೂ ಅನುಕೂಲವೇ. ಆದರೆ ಕಾನೂನು, ಅರ್ಥಶಾಸ್ತ್ರ, ಸಾರ್ವಜನಿಕ ಆರೋಗ್ಯದಂತಹ ಎರಡನೆಯ ವಿಷಯವೊಂದನ್ನು ಜೊತೆಗಿಟ್ಟುಕೊಂಡವರಿಗೆ ಬಾಗಿಲು ಬೇಗ ತೆರೆಯುತ್ತದೆ.

ಜೊತೆಗೆ ಇನ್ನೊಂದು ಭಾಷೆ ತೆಗೆದುಕೊಳ್ಳಬೇಕಂತೆ. ಪೋರ್ಚುಗೀಸ್ ಸಾಕಲ್ಲವೆ?

ಓದುವುದಕ್ಕೆ ಪೋರ್ಚುಗೀಸ್ ಅತಿ ಸುಲಭ, ಬ್ರೆಜಿಲನ್ನೂ ಒಳಗೆ ತರುತ್ತದೆ. ಆದರೆ ಆಂಡಿಸ್ ಪ್ರದೇಶದ ಮೇಲೆ ಕೆಲಸ ಮಾಡುವವರಿಗೆ ಕೆಚುವಾ, ವಸಾಹತು ಕಾಲದ ಮೆಕ್ಸಿಕೋ ಓದುವವರಿಗೆ ನಾವಾತ್ಲ್, ಮಧ್ಯಯುಗದ ಸ್ಪೇನ್ ಓದುವವರಿಗೆ ಅರಬ್ಬಿ ಅಥವಾ ಲ್ಯಾಟಿನ್ ಹೆಚ್ಚು ಕೊಡುತ್ತದೆ. ಕೆಚುವಾ ನಾಮಪದಕ್ಕೆ ಪ್ರತ್ಯಯಗಳನ್ನು ಒಂದರ ಹಿಂದೊಂದು ಪೋಣಿಸುವ, ಕ್ರಿಯಾಪದವನ್ನು ವಾಕ್ಯದ ಕೊನೆಗಿಡುವ ಭಾಷೆಯಾದ್ದರಿಂದ, ಸ್ಪ್ಯಾನಿಷ್ ಕಲಿಯುವಾಗ ಬಿಟ್ಟುಬಂದ ಕನ್ನಡದ ವಾಕ್ಯಕ್ರಮವನ್ನು ಅಲ್ಲಿ ಮತ್ತೆ ಕಂಡು ಆಶ್ಚರ್ಯವಾಗಬಹುದು.

ಸಂಶೋಧನೆ ಮಾಡಬೇಕೆಂದಿದ್ದೇನೆ. ಮೂಲ ದಾಖಲೆಗಳು ದೂರದ ದೇಶದಲ್ಲಿದ್ದರೆ ಹೇಗೆ?

ಮೊದಲಿಗಿಂತ ಸುಲಭ. ಸ್ಪೇನಿನ ಸೆವಿಯಾದಲ್ಲಿ 1785ರಲ್ಲಿ ಸ್ಥಾಪನೆಯಾದ ಇಂಡೀಸ್ ಮಹಾಪತ್ರಾಗಾರದಲ್ಲಿ, ಸ್ಪೇನಿನ ವಸಾಹತುಗಳಾಗಿದ್ದ ಅಮೆರಿಕ ಖಂಡದ ನಾಡುಗಳ ಮತ್ತು ಫಿಲಿಪೀನ್ಸ್‌ನ ಆಡಳಿತದ ಕಾಗದಗಳಿವೆ. ಅದರ ಒಂದು ಭಾಗವನ್ನು ಸ್ಪೇನಿನ ಪತ್ರಾಗಾರಗಳ ಪಾರೆಸ್ ಎಂಬ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಪದಗಳ ಬಳಕೆಯನ್ನು ಕಾಲಕಾಲಕ್ಕೆ ಹಿಂಬಾಲಿಸುವವರಿಗೆ ರಾಜ ಅಕಾಡೆಮಿಯ ಕೊರ್ದೆ ಮತ್ತು ಕೊರ್ಪೆಸ್ ಎಂಬ ಪಠ್ಯಸಂಚಯಗಳಿವೆ. ಹದಿನಾರು, ಹದಿನೇಳನೆಯ ಶತಮಾನಗಳ ಗುಮಾಸ್ತರ ಕೈಬರಹವನ್ನು ಓದಲು ಪ್ರತ್ಯೇಕ ತರಬೇತಿ ಬೇಕು, ಪದಗಳ ನಡುವೆ ಲೇಖನಿ ಎತ್ತದೆ ಬರೆದ ಪುಟಗಳು ಮೊದಲ ತಿಂಗಳು ಗೆರೆಗಳ ಗೋಜಲಾಗಿಯೇ ಕಾಣುತ್ತವೆ.

ಎಲ್ಲಿಂದ ತೊಡಗಲಿ ಎಂದು ಕೇಳುವವರಿಗೆ ನಾನು ಸಾಮಾನ್ಯವಾಗಿ ಒಂದೇ ಹಸ್ತಪ್ರತಿಯನ್ನು ತೋರಿಸುತ್ತೇನೆ. ಪೆರುವಿನ ಮೂಲನಿವಾಸಿ ಫೆಲಿಪೆ ಗುವಾಮಾನ್ ಪೋಮಾ ದೆ ಆಯಾಲಾ 1615ರ ಸುಮಾರಿಗೆ ಸ್ಪೇನಿನ ರಾಜನಿಗೆಂದು ಸುಮಾರು 1200 ಪುಟಗಳ ದೂರುಪತ್ರವನ್ನು, ತಾನೇ ಬರೆದ ಸುಮಾರು 400 ಚಿತ್ರಗಳ ಸಮೇತ ಸಿದ್ಧಪಡಿಸಿದ. ಅದು ಹೇಗೋ ಕೋಪನ್‌ಹೇಗನ್ನಿನ ರಾಜ ಗ್ರಂಥಾಲಯ ಸೇರಿ, ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1908ರಲ್ಲಿ. ಈಗ ಪುಟಪುಟವೂ ಜಾಲದಲ್ಲಿದೆ. ಸ್ಪ್ಯಾನಿಷ್ ವಾಕ್ಯಗಳ ನಡುವೆ ಕೆಚುವಾ ಪದಗಳು ನುಗ್ಗುತ್ತವೆ, ಲಿಂಗ ವಚನಗಳು ಹೊಂದುವುದಿಲ್ಲ, ಕಾಗುಣಿತ ಬರೆದವನ ಕಿವಿಯನ್ನು ಹಿಂಬಾಲಿಸುತ್ತದೆ. ಇವುಗಳನ್ನು ತಪ್ಪುಗಳೆಂದು ಪಟ್ಟಿ ಮಾಡುವ ಪ್ರಬಂಧವನ್ನೂ ಬರೆಯಬಹುದು, ಗೆದ್ದವರ ಭಾಷೆಯಲ್ಲಿ ಅವರ ಮೇಲೆಯೇ ದೂರು ಬರೆಯಲು ಒಬ್ಬ ಮನುಷ್ಯ ಆ ಭಾಷೆಯನ್ನು ಹೇಗೆ ಬಗ್ಗಿಸಿಕೊಂಡ ಎಂಬ ಪ್ರಬಂಧವನ್ನೂ ಬರೆಯಬಹುದು. ಯಾವುದನ್ನು ಬರೆಯುತ್ತೀರಿ ಎಂದು ಮಾರ್ಗದರ್ಶಕರು ಮೊದಲ ಭೇಟಿಯಲ್ಲೇ ಕೇಳುತ್ತಾರೆ.